ಇಂಜಿನ್ ಬಿಚ್ಚುವ ಮುಂಚೆ ಇಷ್ಟು ನೋಡಿಬಿಡಿ

ಟೂ-ಸ್ಟ್ರೋಕ್ ಗಾಡಿ ಇಟ್ಟುಕೊಂಡು ತೋಟದ ದಾರಿ, ಮಣ್ಣುರಸ್ತೆ, ಡರ್ಟ್ ಟ್ರ್ಯಾಕ್ ಅಂತ ಸುತ್ತುವ ಮಕ್ಕಳಿಗೆ ನಾಲ್ಕು ಮಾತು. ನಮ್ಮ ಕಡೆ ನಿಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಯಮಹಾ ಆರ್‌ಎಕ್ಸ್ 100, ಇಲ್ಲವೇ ಆಮೇಲೆ ಬಂದ ಆರ್‌ಎಕ್ಸ್ 135. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ತಯಾರಿಕೆ ನಿಂತದ್ದು 1996ರಲ್ಲಿ. ಅಂದರೆ ನಿಮ್ಮ ಗಾಡಿ ನಿಮಗಿಂತ ವಯಸ್ಸಿನಲ್ಲಿ ಹಿರಿಯದು, ಸ್ವಲ್ಪ ಮರ್ಯಾದೆ ಕೊಡಿ. 98 ಸಿಸಿ ಇಂಜಿನ್ನು ಹನ್ನೊಂದು ಎಚ್‌ಪಿ ಕೊಡುತ್ತದೆ, ಗಾಡಿಯ ತೂಕ ನೂರು ಕೆ.ಜಿ. ಆಸುಪಾಸು. ಎಲ್ಲ ಸರಿಯಿದ್ದರೆ ಎರಡನೇ ಗೇರಿನಲ್ಲಿ ಕೆಮ್ಮಣ್ಣಿನ ಏರು ಹತ್ತಿಬಿಡುತ್ತದೆ.

ಮಲೆನಾಡಿನ ಗ್ಯಾರೇಜು ಮನೆಗೆ ಸೊಸೆಯಾಗಿ ಬಂದವಳು ನಾನು. ಬಿಚ್ಚಿಟ್ಟ ಇಂಜಿನ್ನುಗಳ ಪಕ್ಕದಲ್ಲೇ ಕೂತು ಅಕ್ಕಿ ಆರಿಸಿದ್ದೇನೆ, ಕಾರ್ಬೊರೇಟರ್ ತೊಳೆದಿದ್ದೇನೆ, ಸಾಲದ ಪುಸ್ತಕ ಬರೆದಿದ್ದೇನೆ. ಆ ಪುಸ್ತಕ ನೋಡಿಯೇ ಹೇಳುತ್ತೇನೆ: "ಪಿಕಪ್ ಇಲ್ಲ, ಬೋರ್ ಹೋಗಿದೆ" ಅಂತ ಬಂದ ಎಷ್ಟೋ ಗಾಡಿ ಪ್ಲಗ್ಗು, ಫಿಲ್ಟರು, ಜೆಟ್ಟು, ಸೈಲೆನ್ಸರ್ ಮಸಿಯಲ್ಲೇ ಸರಿಹೋಗಿವೆ. ಅಗ್ಗದ್ದನ್ನು ಮೊದಲು ನೋಡಿ, ದುಬಾರಿಯದ್ದನ್ನು ಕೊನೆಗೆ ಮುಟ್ಟಿ. ನಿಮಗೆ ಗೊತ್ತಿಲ್ಲ ಅಂತಲ್ಲ, ಅವಸರದಲ್ಲಿ ಮರೆತುಬಿಡುತ್ತೀರಿ.

ಸ್ಪಾನರ್ ಹಿಡಿಯುವ ಮೊದಲು

• ಕಿಲ್ ಸ್ವಿಚ್ ಇದ್ದರೆ ಆನ್ ಇದೆಯೇ ನೋಡಿ. ಪೆಟ್ರೋಲ್ ಟ್ಯಾಪ್ ತಿರುಗಿಸಿದ್ದೀರಾ ನೋಡಿ. ನಗಬೇಡಿ, ಗಾಡಿ ತಳ್ಳಿಕೊಂಡು ಮೂರು ಮೈಲಿ ಬಂದವರ ಗಾಡಿಯಲ್ಲಿ ಇಷ್ಟೇ ಇದ್ದದ್ದನ್ನು ಕಂಡಿದ್ದೇನೆ.

• ತೊಂದರೆ ಯಾವಾಗ ಬರುತ್ತದೆ ಅಂತ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ, ಏರಿನಲ್ಲೋ, ಸಮತಟ್ಟಿನಲ್ಲೋ, ಸ್ವಲ್ಪ ತಿರುವಿದಾಗಲೋ, ಪೂರ್ತಿ ತಿರುವಿದಾಗಲೋ. "ಒಂಥರಾ ಎಳೆಯಲ್ಲ" ಅಂದರೆ ಯಾವ ಮೆಕ್ಯಾನಿಕ್‌ಗೂ ಏನೂ ಗೊತ್ತಾಗುವುದಿಲ್ಲ, ಅವನು ಊಹೆಯ ಮೇಲೆ ಸಾಮಾನು ಬದಲಾಯಿಸುತ್ತಾ ಹೋಗುತ್ತಾನೆ, ದುಡ್ಡು ನಿಮ್ಮದು.

• ಎಕ್ಸಲೇಟರ್ ಹಿಡಿಯ ಮೇಲೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹಿಡಿ ಕೂರುವ ಪಕ್ಕದ ಭಾಗದಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ನಾಲ್ಕು ಗುರುತು ಮಾಡಿ. ತಂಗಿಯದ್ದೋ ಹೆಂಡತಿಯದ್ದೋ ಹಳೇ ಸೀಸೆ ಸಾಕು. ಗಾಡಿ ಯಾವ ಗುರುತಿನ ಹತ್ತಿರ ಮುಗ್ಗರಿಸುತ್ತದೆ ಅನ್ನುವುದೇ ಕಾರ್ಬೊರೇಟರಿನ ಯಾವ ಭಾಗ ಕೆಟ್ಟಿದೆ ಅಂತ ತೋರಿಸಿಕೊಡುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

• ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಪ್ಲಗ್ಗು, ಜೆಟ್ಟು, ಸೂಜಿ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ, ಕೆಟ್ಟರಂತೂ ಕೇಳುವುದೇ ಬೇಡ.

• ಇಂಜಿನ್ ಮೇಲೆ ಅಪವಾದ ಹೊರಿಸುವ ಮೊದಲು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಕೈಯಿಂದ ತಳ್ಳಿ ನೋಡಿ. ಕೆಸರು ಹೋಗಿ ಡ್ರಮ್ ಬ್ರೇಕ್ ಹಿಡಿದುಕೊಂಡಿರಬಹುದು, ಚೈನ್ ಬಿಗಿ ಜಾಸ್ತಿಯಾಗಿರಬಹುದು, ಟೈರಿನಲ್ಲಿ ಗಾಳಿ ಇಲ್ಲದಿರಬಹುದು. ಇವೆಲ್ಲ ಸವಾರನಿಗೆ "ಪಿಕಪ್ ಇಲ್ಲ" ಅಂತಲೇ ಅನ್ನಿಸುತ್ತವೆ.

• ಇಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಮೊದಲು ಕೇಬಲ್‌ಗೆ ಸ್ವಲ್ಪ ಸಡಿಲ ಕೊಡಿ, ಆಮೇಲೆ ಪ್ಲೇಟಿನ ಮಾತು.

ಪೆಟ್ರೋಲು ಮತ್ತು ಆಯಿಲು

• ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಉಸಿರು ಕಟ್ಟಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ ಅನ್ನುವ ಗಾಡಿಯ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. "ಉಸ್" ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಮಣ್ಣಿನಲ್ಲಿ ಓಡುವ ಗಾಡಿಗೆ ಇದು ಮಾಮೂಲು. ಸೂಜಿಯಿಂದ ಬಿಡಿಸಿ, ಖರ್ಚು ಸೊನ್ನೆ.

• ಕಾರ್ಬೊರೇಟರಿನಿಂದ ಪೈಪ್ ಬಿಚ್ಚಿ, ಒಂದು ಬಾಟಲಿಗೆ ಪೆಟ್ರೋಲ್ ಬಿಟ್ಟು ನೋಡಿ. ಧಾರೆ ತುಂಡಾಗದೆ ಬರಬೇಕು. ತೊಟ್ಟಿಕ್ಕಿದರೆ ಟ್ಯಾಪಿನ ಜಾಲರಿಯಲ್ಲಿ ತುಕ್ಕು ಕೂತಿದೆ. ರಿಸರ್ವ್‌ನಲ್ಲೂ ಒಮ್ಮೆ ಪರೀಕ್ಷಿಸಿ. ಹಳೇ ಟ್ಯಾಂಕಿನ ಕೊಳೆಯೆಲ್ಲ ತಳದಲ್ಲೇ ಇರುತ್ತದೆ. ಬಿಸಿ ಇಂಜಿನ್ ಪಕ್ಕದಲ್ಲಿ ಈ ಕೆಲಸ ಮಾಡಬೇಡಿ, ಬಾಯಲ್ಲಿ ಬೀಡಿ ಇಟ್ಟುಕೊಂಡವರನ್ನು ಹತ್ತಿರ ಸೇರಿಸಬೇಡಿ.

• ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಪೆಟ್ರೋಲನ್ನು ನಂಬಬೇಡಿ. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳಬೇಕೇ. ತೇವ ಹೆಚ್ಚಾದರೆ ನೀರು ಬೇರೆಯಾಗಿ ಟ್ಯಾಂಕಿನ ಅಡಿಗೆ ಕೂರುತ್ತದೆ, ಟ್ಯಾಪಿಗೆ ಮೊದಲು ಬರುವುದೂ ಅದೇ. ಹಳೇ ಕಾಲದ ರಬ್ಬರ್ ಪೈಪು, ವಾಷರುಗಳೂ ಈ ಪೆಟ್ರೋಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ವರ್ಷಕ್ಕೊಮ್ಮೆ ಪೈಪ್ ಬದಲಾಯಿಸಿ, ದೊಡ್ಡ ಖರ್ಚಲ್ಲ.

• ಎಥನಾಲ್ ಇರುವ ಪೆಟ್ರೋಲಿಗೆ ಹಳೇ ಜೆಟ್ಟಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ ಅನ್ನುವುದನ್ನೂ ನೆನಪಿಡಿ. ಹಿಂದೆ ಚೆನ್ನಾಗಿದ್ದ ಗಾಡಿ ಈಗ ಬೇಗ ಕಾಯುತ್ತಿದ್ದರೆ ಪ್ಲಗ್ ಬಣ್ಣ ನೋಡಿ, ಮೆಕ್ಯಾನಿಕ್ ಹತ್ತಿರ ಒಂದು ನಂಬರ್ ದೊಡ್ಡ ಮೇನ್ ಜೆಟ್ ಕೇಳಿ.

• ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ ಟೂ-ಟಿ ಆಯಿಲ್ ಬೆರೆಸುವವರು ದಯವಿಟ್ಟು ಅಳತೆ ಲೋಟ ಇಟ್ಟುಕೊಳ್ಳಿ. ಲೀಟರಿಗೆ 20 ಮಿ.ಲೀ. ಅಂದರೆ ಐವತ್ತಕ್ಕೆ ಒಂದು, 25 ಅಂದರೆ ನಲವತ್ತಕ್ಕೆ ಒಂದು, 40 ಅಂದರೆ ಇಪ್ಪತ್ತೈದಕ್ಕೆ ಒಂದು. ಔಷಧಿ ಅಂಗಡಿಯ ಸಿರಿಂಜ್ ತಂದರೆ ಇನ್ನೂ ಒಳ್ಳೆಯದು. "ಒಂದು ಮುಚ್ಚಳ ಹಾಕ್ತೀನಿ ಆಂಟಿ" ಅಂದರೆ ನನಗೆ ಸಿಟ್ಟು ಬರುತ್ತದೆ. ಯಾವ ಮುಚ್ಚಳ, ಎಷ್ಟು ದೊಡ್ಡದು?

• ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್‌ಗೆ ಒಳ್ಳೆಯದು ಅಂತ ಸುರಿಯಬೇಡಿ. ಪ್ಲಗ್ ಒದ್ದೆಯಾಗುತ್ತದೆ, ಸೈಲೆನ್ಸರ್ ಕಟ್ಟುತ್ತದೆ, ಹಿಂದೆ ಬರುವವರ ಬಟ್ಟೆಯ ಮೇಲೆ ಕಪ್ಪು ಚುಕ್ಕಿ ಬೀಳುತ್ತದೆ. ಜೊತೆಗೆ, ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಡಿಮೆ. ಮೊದಲು ಕ್ಯಾನಿನಲ್ಲಿ ಬೆರೆಸಿ ಅಲ್ಲಾಡಿಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಟ್ಯಾಂಕಿಗೆ ನೇರ ಸುರಿದ ಆಯಿಲ್ ತಳ ಸೇರುತ್ತದೆ.

• ಪಂಪ್ ಇರುವ ಗಾಡಿಯವರು ಆಯಿಲ್ ಟ್ಯಾಂಕ್ ಒಣಗಲು ಬಿಡಬೇಡಿ. ಒಮ್ಮೆ ಒಣಗಿದರೆ ಪೈಪಿನಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ, ಮತ್ತೆ ಆಯಿಲ್ ತುಂಬಿದರೂ ಇಂಜಿನ್‌ಗೆ ಮುಟ್ಟುವುದಿಲ್ಲ. ಆ ಗಾಳಿ ತೆಗೆಸುವ ತನಕ ಪೆಟ್ರೋಲಿಗೂ ಸ್ವಲ್ಪ ಆಯಿಲ್ ಬೆರೆಸಿ ಓಡಿಸಿ.

• ಕಾರಿಗೆ ಹಾಕಿ ಉಳಿದ ಇಂಜಿನ್ ಆಯಿಲ್ ಟೂ-ಸ್ಟ್ರೋಕಿಗೆ ಬೇಡ. ಅದು ಉರಿದು ಹೋಗಲು ಮಾಡಿದ ಎಣ್ಣೆಯಲ್ಲ. ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅಂತ ಇರುವುದನ್ನು ತನ್ನಿ. ಇಲ್ಲಿ ಉಳಿಸಿದ ಐವತ್ತು ರೂಪಾಯಿ ಬೋರಿನಲ್ಲಿ ಸಾವಿರಗಟ್ಟಲೆ ಆಗಿ ಹೋಗುತ್ತದೆ.

• ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ, ಚಾರ್ಮಾಡಿ ಇಳಿಯುವಾಗ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಜಾರಿಸಿಕೊಂಡು ಬರಬೇಡಿ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಪೆಟ್ರೋಲಿನ ಜೊತೆಗೇ ಹೆಚ್ಚುಕಡಿಮೆ ನಿಂತುಹೋಗಿರುತ್ತದೆ. ನಡುನಡುವೆ ಕ್ಲಚ್ ಹಿಡಿದು ಒಂದು ಸಲ ತಿರುವಿ ಬಿಡಿ. ಪಿಸ್ಟನ್‌ಗೆ ಅಷ್ಟು ಎಣ್ಣೆ ಸಾಕು.

ಪ್ಲಗ್ಗು ಏನು ಹೇಳುತ್ತದೆ ಕೇಳಿ

• ಪ್ಲಗ್ ಸ್ಪಾನರ್, ಒಂದು ಹೊಸ ಪ್ಲಗ್, ಒಂದು ತುಂಡು ಉಪ್ಪುಕಾಗದ ಸೀಟಿನ ಕೆಳಗೆ ಯಾವಾಗಲೂ ಇರಲಿ. ಟೂ-ಸ್ಟ್ರೋಕ್ ಗಾಡಿಯಲ್ಲಿ ಇವಿಲ್ಲದೆ ಕಾಡಿಗೆ ಹೋಗಬಾರದು.

• ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲವೇ, ಇನ್ನೂ ಇಪ್ಪತ್ತು ಹೊಡೆದು ಮೊಣಕಾಲು ನೋಯಿಸಿಕೊಳ್ಳಬೇಡಿ, ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಕರೆಂಟ್ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ಇಂಜಿನ್ ಮುಳುಗಿದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

• ಮುಳುಗಿದ್ದರೆ ಕೀ ಆಫ್ ಮಾಡಿ, ಟ್ಯಾಪ್ ಮುಚ್ಚಿ, ಚೋಕ್ ತೆಗೆದು, ಪ್ಲಗ್ ಬಿಚ್ಚಿಟ್ಟು, ಎಕ್ಸಲೇಟರ್ ಪೂರ್ತಿ ತಿರುವಿ ಏಳೆಂಟು ಕಿಕ್ ಹೊಡೆಯಿರಿ. ಪ್ಲಗ್ ಒರೆಸಿ ಹಾಕಿ, ಹೊರಡುತ್ತದೆ.

• ಕರೆಂಟ್ ನೋಡುವಾಗ ಪ್ಲಗ್ಗನ್ನು ಕ್ಯಾಪಿಗೆ ಹಾಕಿ ಹೆಡ್ಡಿನ ಲೋಹಕ್ಕೆ ಚೆನ್ನಾಗಿ ತಾಗಿಸಿಡಿ, ಆದರೆ ಪ್ಲಗ್ಗಿನ ತೂತಿನಿಂದ ದೂರ ಇರಲಿ. ಅಲ್ಲಿಂದ ಬರುವ ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ. ಪ್ಲಗ್ ತಾಗಿಸದೆ ಸುಮ್ಮನೆ ಕಿಕ್ ಹೊಡೆದರೆ ಸಿಡಿಐ ಸುಡಬಹುದು, ಕೈಗೂ ಏಟು. ನೀಲಿ ಕಿಡಿ ಗಟ್ಟಿಯಾಗಿ ಬಂದರೆ ಸರಿ. ಕೆಂಪಗೆ ಸೊರಗಿದ ಕಿಡಿ ಬಂದರೆ ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಪ್ಲಗ್ ಕ್ಯಾಪ್, ಆಮೇಲೆ ಕಾಯಿಲ್.

• ಚೆನ್ನಾಗಿ ಓಡಿಸಿ, ಇಂಜಿನ್ ಆಫ್ ಮಾಡಿ, ಆಮೇಲೆ ಪ್ಲಗ್ ತುದಿಯ ಬಣ್ಣ ನೋಡುವ ರೂಢಿ ಮಾಡಿಕೊಳ್ಳಿ. ಕಾಫಿಪುಡಿ ಬಣ್ಣ ಇದ್ದರೆ ಎಲ್ಲ ಕ್ಷೇಮ. ಕಪ್ಪಗೆ ಒಣಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಜಾಸ್ತಿ. ಬೆಳ್ಳಗಿದ್ದರೆ ಮಿಶ್ರಣ ತೆಳು, ಇಂಜಿನ್ ಸುಡುತ್ತಿದೆ, ಅಲ್ಲೇ ನಿಲ್ಲಿಸಿ. ಬಿಳಿ ಪ್ಲಗ್ಗಿನ ಮೇಲೆ ಬೆಳ್ಳಿಯ ಸಣ್ಣ ಕಾಳು ಅಂಟಿದ್ದರೆ ಅದು ಪಿಸ್ಟನ್ನೇ ಕರಗಿ ಬಂದದ್ದು. ಆ ಗಾಡಿಯನ್ನು ಮನೆಗೆ ತಳ್ಳಿಕೊಂಡು ಹೋಗಿ, ಓಡಿಸಿಕೊಂಡು ಹೋಗಬೇಡಿ.

ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಇದ್ದ ಕಾಲದವರು ನಾವು, ಯಾವ ಕಂಪನಿಯದ್ದಾದರೂ "ಮೈಕೋ ಪ್ಲಗ್" ಅಂತಲೇ ಕೇಳುತ್ತೇವೆ. ನೀವು ಹಾಗೆ ಕೇಳಬೇಡಿ, ನಂಬರ್ ಹೇಳಿ ಕೇಳಿ. ಬಿಸಿ ಜಾಸ್ತಿ ಹಿಡಿದಿಡುವ ಪ್ಲಗ್ ಹಾಕಿದರೆ ರೇಸಿನಲ್ಲಿ ಪಿಸ್ಟನ್ ಸುಡುತ್ತದೆ, ತಂಪು ಜಾಸ್ತಿಯಾದರೆ ನಿಧಾನ ಓಡಿಸುವಾಗ ಮಸಿ ಹಿಡಿಯುತ್ತದೆ. ಎರಡೂ ನೋಡಲು ಒಂದೇ ಥರ ಇರುತ್ತವೆ.

• ಗಾಡಿ ಬಿಸಿಯಾದ ಮೇಲೆ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ, ಮುಚ್ಚಳದ ತೂತೂ ಸರಿಯಿದೆ ಅಂದರೆ ಮ್ಯಾಗ್ನೆಟ್ ಒಳಗಿನ ಕಾಯಿಲ್ ಮೇಲೆ ಕಣ್ಣಿಡಿ. ಬಿಸಿಗೆ ಒಳಗಿನ ತಂತಿ ಬಿಟ್ಟುಕೊಳ್ಳುತ್ತದೆ. ನಿಂತ ಕೂಡಲೇ, ತಣಿಯುವ ಮೊದಲೇ, ಕರೆಂಟ್ ನೋಡಿ. ಆಗಲೇ ಕಳ್ಳ ಸಿಗುವುದು.

• ಇದ್ದಕ್ಕಿದ್ದಂತೆ ಕಿಕ್ಕರ್ ಕಾಲಿಗೆ ಒದೆಯತೊಡಗಿದರೆ, ಎಳೆತವೂ ಹೋದರೆ ಮ್ಯಾಗ್ನೆಟ್ಟಿನ ಕೀ ತುಂಡಾಗಿ ಟೈಮಿಂಗ್ ಜಾರಿರಬಹುದು. ಸಣ್ಣ ಸಾಮಾನು. ಮೆಕ್ಯಾನಿಕ್‌ಗೆ ಇಷ್ಟು ಹೇಳಿದರೆ ಸಾಕು.

ಗಾಳಿ

• ಏರ್ ಫಿಲ್ಟರ್ ತೆಗೆದು ಓಡಿಸುವ ಚಟ ಬಿಟ್ಟುಬಿಡಿ. ಸದ್ದು ಚೆನ್ನಾಗಿ ಬರುತ್ತದೆ ನಿಜ. ಆದರೆ ಬೇಸಿಗೆಯಲ್ಲಿ ತೋಟದ ದಾರಿಯ ಕೆಂಪು ಧೂಳು ಟೂ-ಸ್ಟ್ರೋಕಿನಲ್ಲಿ ಮೊದಲು ಹೋಗುವುದು ಕ್ರ್ಯಾಂಕ್ ಬೇರಿಂಗಿಗೆ, ಆಮೇಲೆ ಪಿಸ್ಟನ್‌ಗೆ. ಗಾಳಿ ಜಾಸ್ತಿಯಾಗಿ ಮಿಶ್ರಣವೂ ತೆಳುವಾಗುತ್ತದೆ. ಒಂದು ಬೇಸಿಗೆ ಸಾಕು, ರಿಂಗ್ಸ್ ಮುಗಿಯಿತು.

• ಫೋಮ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿ, ಆಮೇಲೆ ಸೋಪುನೀರು, ನೆರಳಲ್ಲಿ ಪೂರ್ತಿ ಒಣಗಿಸಿ. ಕೊನೆಗೆ ಸ್ವಲ್ಪ ಆಯಿಲ್ ಹಚ್ಚಿ ಅಂಗೈಯಲ್ಲಿ ಒತ್ತಿ ಹಿಂಡಿ. ತಿರುಚಿ ಹಿಂಡಬೇಡಿ, ಹರಿಯುತ್ತದೆ. ಆಯಿಲ್ ಇಲ್ಲದ ಫೋಮ್ ಸಣ್ಣ ಧೂಳನ್ನು ತಡೆಯುವುದಿಲ್ಲ. ಧೂಳಿನ ಓಡಾಟ ಆದಾಗಲೆಲ್ಲ ಇದನ್ನು ಮಾಡಿ, "ಸರ್ವಿಸ್‌ಗೆ ಬಿಟ್ಟಾಗ ನೋಡೋಣ" ಅನ್ನಬೇಡಿ.

• ಐಡ್ಲಿಂಗ್ ತಾನಾಗಿಯೇ ಏರುತ್ತಿದ್ದರೆ, ಎಕ್ಸಲೇಟರ್ ಬಿಟ್ಟರೂ ಇಂಜಿನ್ ಬೇಗ ಕೆಳಗಿಳಿಯದಿದ್ದರೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಕಾರ್ಬೊರೇಟರಿಗೂ ಇಂಜಿನ್‌ಗೂ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿ, ಸೀಳು ಕಾಣುತ್ತದೆ. ಕ್ಲಿಪ್ ಬಿಗಿ ಮಾಡಿ. ಅಲ್ಲೂ ಸರಿಯಿದ್ದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್. ಈ ತೊಂದರೆಯನ್ನು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಮುಚ್ಚಿಡಬೇಡಿ, ಪಿಸ್ಟನ್ ಜಾಮ್ ಆಗಲು ಇದಕ್ಕಿಂತ ನೇರ ದಾರಿ ಬೇರೆ ಇಲ್ಲ.

• ಬಿಳಿ ಹೊಗೆ ದಟ್ಟವಾಗಿ ಬರುತ್ತಿದೆ, ಗೇರ್ ಆಯಿಲ್ ಮಾತ್ರ ಹೊರಗೆ ಎಲ್ಲೂ ಸೋರದೆ ಕಡಿಮೆಯಾಗುತ್ತಿದೆ ಅಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ. ಇಂಜಿನ್ ಗೇರ್ ಆಯಿಲನ್ನೇ ಎಳೆದು ಸುಡುತ್ತಿದೆ. ಗೇರ್ ಆಯಿಲ್ ಹಾಕುವಾಗ ಅಳೆದು ಬರೆದಿಡಿ, ತೆಗೆಯುವಾಗ ಮತ್ತೆ ಅಳೆಯಿರಿ. ಲೆಕ್ಕ ಸುಳ್ಳು ಹೇಳುವುದಿಲ್ಲ.

• ಮುಳ್ಳಯ್ಯನಗಿರಿಯಂಥ ಎತ್ತರಕ್ಕೆ ಹೋದಾಗ ಗಾಡಿ ಮಂಕಾದರೆ ಗಾಬರಿ ಬೇಡ. ಅದು 1930 ಮೀಟರ್ ಎತ್ತರ, ಗಾಳಿ ತೆಳು, ಅದೇ ಪೆಟ್ರೋಲ್ ಅಲ್ಲಿಗೆ ಜಾಸ್ತಿಯಾಗುತ್ತದೆ. ಅಲ್ಲಿ ನಿಂತು ಸಣ್ಣ ಜೆಟ್ ಹಾಕಿಸಿಕೊಂಡು ಕೆಳಗೆ ಬಂದು ಹಾಗೇ ಓಡಿಸಿದರೆ ಮಾತ್ರ ಪಿಸ್ಟನ್ ಹೋಗುತ್ತದೆ.

ಕಾರ್ಬೊರೇಟರ್

• ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ಸೂಜಿಯ ಕ್ಲಿಪ್ ಮೇಲಿನಿಂದ ಎಷ್ಟನೇ ಕಚ್ಚಿನಲ್ಲಿತ್ತು, ಏರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಿತ್ತು ಅಂತ ಬರೆದಿಡಿ. ಅಂಚಿರುವ ಸ್ಟೀಲ್ ತಟ್ಟೆಯೊಳಗೆ ಬಿಚ್ಚಿ. ಜಗಲಿಯ ಮೇಲೆ ಬಿಚ್ಚಿದರೆ ಸ್ಪ್ರಿಂಗ್ ಹಾರಿದ್ದು ಮಾರನೇ ದಿನ ಕಸ ಗುಡಿಸುವವರಿಗೆ ಸಿಗುತ್ತದೆ.

• ಈಗ ಉಗುರುಬಣ್ಣದ ಗುರುತಿಗೆ ಬನ್ನಿ. ಕಾಲು ಭಾಗಕ್ಕಿಂತ ಕೆಳಗೆ ತೊಂದರೆ ಇದ್ದರೆ, ಐಡ್ಲಿಂಗ್ ನಿಲ್ಲದಿದ್ದರೆ, ಚೋಕ್ ಇಲ್ಲದೆ ಸ್ಟಾರ್ಟ್ ಆಗದಿದ್ದರೆ ಪೈಲಟ್ ಜೆಟ್ ನೋಡಿ. ಕಾಲಿನಿಂದ ಮುಕ್ಕಾಲು ತನಕ ಸೂಜಿಯ ಕೆಲಸ. ಪೂರ್ತಿ ತಿರುವಿದಾಗ ಮಾತ್ರ ಸೊರಗಿದರೆ ಮೇನ್ ಜೆಟ್. ಎಲ್ಲ ಗುರುತಿನಲ್ಲೂ ಒಂದೇ ಥರ ಕೆಟ್ಟಿದ್ದರೆ ಕಾರ್ಬೊರೇಟರನ್ನು ಬಿಟ್ಟು ಬೇರೆ ಕಡೆ ಹುಡುಕಿ.

• ಜೆಟ್ಟಿನ ತೂತಿಗೆ ಗುಂಡುಸೂಜಿ, ಪಿನ್ನು, ಕಬ್ಬಿಣದ ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗೆ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಜೆಟ್ಟಿನ ನಂಬರ್ ಸುಳ್ಳಾಗುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಸಾಕು, ಆಮೇಲೆ ಗಾಳಿ ಊದಿ. ಬೆಳಕಿಗೆ ಹಿಡಿದಾಗ ತೂತು ಗುಂಡಗೆ ಶುಭ್ರವಾಗಿ ಕಾಣಬೇಕು.

• ಏರ್ ಸ್ಕ್ರೂವನ್ನು ಒಳಗೆ ಬಿಗಿಯುವಾಗ ಬೆರಳಿನ ಬಲ ಸಾಕು, ತುದಿ ಮುರಿದರೆ ಕಾರ್ಬೊರೇಟರೇ ಹೋಯಿತು. ಮೆಲ್ಲಗೆ ಕೂರಿಸಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಗಾಡಿಯ ಮಾತು ಕೇಳಿಕೊಂಡು ಕಾಲು ಕಾಲು ಸುತ್ತು ಹೊಂದಿಸಿ.

• ಪೆಟ್ರೋಲ್ ಹೆಚ್ಚೋ ಕಡಿಮೆಯೋ ಅಂತ ಗೊಂದಲವಾದರೆ ಓಡುತ್ತಿರುವಾಗಲೇ, ಖಾಲಿ ರಸ್ತೆಯಲ್ಲಿ, ಚೋಕ್ ಸ್ವಲ್ಪ ಎಳೆದು ನೋಡಿ. ಎಳೆತ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನೂ ಮಂಕಾಗಿ ಬಡಬಡ ಅಂದರೆ ಆಗಲೇ ಜಾಸ್ತಿಯಿದೆ. ಇಷ್ಟು ಸುಲಭದ ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ.

• ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ, ಮೇಲೆ ಹಾಕಿದರೆ ಕಡಿಮೆಯಾಗುತ್ತದೆ. ತಲೆಕೆಳಗಾಗಿ ನೆನಪಿಟ್ಟುಕೊಂಡು ಪಿಸ್ಟನ್ ಸುಟ್ಟುಕೊಂಡವರಿದ್ದಾರೆ.

• ನಿಲ್ಲಿಸಿದ ಗಾಡಿಯ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟಿನ ಸೂಜಿ ಕೂರುತ್ತಿಲ್ಲ. ಟ್ಯಾಪ್ ಮುಚ್ಚುವ ಅಭ್ಯಾಸ ಇಲ್ಲದಿದ್ದರೆ ರಾತ್ರಿಯೆಲ್ಲ ಇಂಜಿನ್ ಒಳಗೂ ಇಳಿಯುತ್ತದೆ.

• ಎಕ್ಸಲೇಟರ್ ಪೂರ್ತಿ ತಿರುವಿದಾಗ ಕಾರ್ಬೊರೇಟರ್ ಒಳಗಿನ ಸ್ಲೈಡ್ ಪೂರ್ತಿ ಮೇಲೆ ಹೋಗುತ್ತದೆಯೇ ಕಣ್ಣಾರೆ ನೋಡಿ. ಕೇಬಲ್ ಉದ್ದವಾಗಿ ಮುಕ್ಕಾಲಿಗೇ ನಿಂತರೆ "ಟಾಪ್ ಸ್ಪೀಡ್ ಇಲ್ಲ" ಅಂತ ವರ್ಷಗಟ್ಟಲೆ ಕೊರಗುತ್ತೀರಿ.

• ಕಿಕ್ ಹೊಡೆದಾಗ ಕಾರ್ಬೊರೇಟರ್ ಬಾಯಿಂದ ಪೆಟ್ರೋಲ್ ಹಿಂದಕ್ಕೆ ಉಗುಳಿದರೆ, ಸಣ್ಣ ಓಟದಲ್ಲಿ ಬಲವಿಲ್ಲದಿದ್ದರೆ ರೀಡ್ ವಾಲ್ವ್ ತೆಗೆದು ಬೆಳಕಿಗೆ ಹಿಡಿಯಿರಿ. ಎಲೆ ಪೂರ್ತಿ ಕೂರದೆ ಬೆಳಕು ಕಂಡರೆ, ತುದಿ ಚೂರು ಹೋಗಿದ್ದರೆ ಬದಲಾಯಿಸಿ. ಮುರಿದ ಚೂರು ಇಂಜಿನ್ ಒಳಗೇ ಹೋಗಿರುತ್ತದೆ, ಅದನ್ನೂ ಹುಡುಕಿ.

ಸೈಲೆನ್ಸರ್

• ಗಾಡಿ ದಿನದಿಂದ ದಿನಕ್ಕೆ, ಗೊತ್ತೇ ಆಗದ ಹಾಗೆ ಮಂಕಾಗುತ್ತಾ ಬಂದಿದ್ದರೆ ಮೊದಲ ಅನುಮಾನ ಸೈಲೆನ್ಸರ್ ಮೇಲೆ ಇರಲಿ. ಸುಡದ ಆಯಿಲ್ ಒಳಗೆ ಮಸಿಯಾಗಿ ಕಟ್ಟುತ್ತದೆ. ತುದಿಯ ಸ್ಕ್ರೂ ಬಿಚ್ಚಿ ಒಳಕೊಳವೆ ಎಳೆದು ತಂತಿಬ್ರಷ್‌ನಲ್ಲಿ ಉಜ್ಜಿ. ಬೆಂಡ್ ಪೈಪಿನ ಒಳಗೂ, ಸಿಲಿಂಡರಿನ ಹೊಗೆಬಾಯಲ್ಲೂ ಮಸಿ ಇರುತ್ತದೆ. ಅದನ್ನು ಕೆರೆಯುವಾಗ ಪಿಸ್ಟನ್ ಕೆಳಗೆ ತಂದು, ಮರದ ಚೂರಿನಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ಉದುರಿದ ಮಸಿಯನ್ನು ಪೂರ್ತಿ ಹೊರಗೆ ಊದಿ.

• ಕಾಸ್ಟಿಕ್ ಸೋಡಾ ಹಾಕಿ ತೊಳೆಯುವವರು ಕೈಗವಸು, ಕನ್ನಡಕ ಹಾಕಿ. ಮಕ್ಕಳಿರುವ ಅಂಗಳದಲ್ಲಿ ಮಾಡಬೇಡಿ. ಅಲ್ಯೂಮಿನಿಯಂ ಸಾಮಾನಿಗೆ ಅದನ್ನು ತಾಗಿಸಬೇಡಿ, ತಿಂದುಹಾಕುತ್ತದೆ.

• ಸದ್ದಿಗಾಗಿ ಒಳಕೊಳವೆ ತೆಗೆದು ಬಿಸಾಡುವುದು, ಸೈಲೆನ್ಸರ್‌ಗೆ ತೂತು ಕೊರೆಯುವುದು ಬೇಡ. ಟೂ-ಸ್ಟ್ರೋಕಿನಲ್ಲಿ ಸೈಲೆನ್ಸರ್ ಇಂಜಿನ್ನಿನದ್ದೇ ಒಂದು ಭಾಗ. ಅದು ಕೆಟ್ಟರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ, ಪೊಲೀಸರ ದಂಡ ಬೇರೆ.

ಕೊನೆಗೆ ಇಂಜಿನ್

• ಹೆಡ್ ಬಿಚ್ಚುವ ಮೊದಲು ಬೆಂಡ್ ಪೈಪ್ ಬಿಚ್ಚಿ, ಹೊಗೆಬಾಯಿಂದ ಟಾರ್ಚ್ ಹಾಕಿ ನೋಡಿ. ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತಿದರೆ ಪಿಸ್ಟನ್ ಮೇಲೆ ಕೆಳಗೆ ಹೋಗುವುದು, ರಿಂಗ್ಸ್ ಎಲ್ಲ ಕಾಣುತ್ತದೆ. ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು ಇದ್ದರೆ ಒಮ್ಮೆ ಜಾಮ್ ಆಗಿದೆ. ರಿಂಗಿನ ಕೆಳಗೆಲ್ಲ ಕಂದು ಕಲೆ ಇದ್ದರೆ ರಿಂಗ್ಸ್ ಸವೆದು ಬೆಂಕಿ ಕೆಳಗಿಳಿಯುತ್ತಿದೆ. ಹಳೇ ಗಾಡಿ ಕೊಳ್ಳುವಾಗಲೂ ಮಾರುವವರ ಮಾತಿಗಿಂತ ಈ ತೂತನ್ನು ನಂಬಿ.

• ಕಿಕ್ಕರ್ ಮೇಲೆ ನಿಂತರೆ ತಡೆಯೇ ಇಲ್ಲದೆ ಕೆಳಗಿಳಿದರೆ ಕಂಪ್ರೆಷನ್ ಹೋಗಿದೆ. ಆದರೂ ಬೋರ್ ಅನ್ನುವ ಮೊದಲು ಹೆಡ್ ನಟ್ ಸಡಿಲವೇ, ಗ್ಯಾಸ್ಕೆಟ್ ಊದುತ್ತಿದೆಯೇ ಅಂತ ಸೋಪುನೀರು ಹಚ್ಚಿ ನೋಡಿ, ಗುಳ್ಳೆ ಬರುತ್ತದೆ.

• ಓಡುತ್ತಾ ಓಡುತ್ತಾ ಇಂಜಿನ್ ಬಿಗಿ ಹಿಡಿದಂತಾದರೆ ಕೂಡಲೇ ಕ್ಲಚ್ ಹಿಡಿಯಿರಿ, ಇಲ್ಲದಿದ್ದರೆ ಹಿಂದಿನ ಚಕ್ರ ನಿಂತು ನಿಮ್ಮನ್ನು ಬೀಳಿಸುತ್ತದೆ. ನೆರಳಲ್ಲಿ ನಿಲ್ಲಿಸಿ, ತಾನಾಗಿ ತಣಿಯಲಿ, ನೀರು ಸುರಿಯಬೇಡಿ. ತಣಿದ ಮೇಲೆ ಹೊರಟಿತು ಅಂತ ಸುಮ್ಮನಾಗಬೇಡಿ. ಯಾಕೆ ಹಿಡಿಯಿತು ಅಂತ ಹುಡುಕದೆ ಹೊಸ ಪಿಸ್ಟನ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

• ಸಿಲಿಂಡರಿನ ರೆಕ್ಕೆಗಳ ನಡುವೆ ಒಣಗಿದ ಕೆಸರನ್ನು ಕಡ್ಡಿಯಿಂದ ಬಿಡಿಸಿ. ಗಾಳಿಗೆ ತಣಿಯುವ ಇಂಜಿನ್, ಕೆಸರು ಹೊದ್ದುಕೊಂಡರೆ ಕಾದು ಬಲ ಕಳೆದುಕೊಳ್ಳುತ್ತದೆ.

• ಹಳ್ಳ ದಾಟುವಾಗ ಇಂಜಿನ್ ನೀರು ಕುಡಿದು ನಿಂತರೆ ಕಿಕ್ ಹೊಡೆಯಲೇಬೇಡಿ. ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ಬಿಚ್ಚಿ, ಕ್ಯಾಪನ್ನು ದೂರ ಸರಿಸಿ, ಕಿಕ್ಕರನ್ನು ಕೈಯಿಂದ ಒತ್ತಿ ನೀರು ಹೊರಹಾಕಿ. ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ, ಫಿಲ್ಟರ್ ಡಬ್ಬ ಒರೆಸಿ. ಹೊರಟ ಮೇಲೆ ಮನೆಗೆ ಬಂದು ಗೇರ್ ಆಯಿಲ್ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬದಲಾಯಿಸಿ.

• ಗಾಡಿ ತೊಳೆಯುವಾಗ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕುತ್ತೀರಲ್ಲ, ಕೆಂಪು ಬಟ್ಟೆಯನ್ನೇ ತುರುಕಿ, ಒಂದು ತುದಿ ಉದ್ದಕ್ಕೆ ನೇತಾಡಲಿ. ಮರೆತು ಸ್ಟಾರ್ಟ್ ಮಾಡಿ "ಪಿಕಪ್ ಇಲ್ಲ" ಅಂತ ಬರುವುದು ತಪ್ಪುತ್ತದೆ.

• ಬೋರ್ ಮಾಡಿಸಲೇಬೇಕಾದರೆ ಮೊದಲು ಪಿಸ್ಟನ್ ತನ್ನಿ, ಆಮೇಲೆ ಆ ಪಿಸ್ಟನ್ ಅಳತೆಗೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ. ಕಾಲು ಮಿಲಿಮೀಟರ್ ದೊಡ್ಡದು ಸಾಕಾದರೆ ಅರ್ಧಕ್ಕೆ ಹೋಗಬೇಡಿ, ಮುಂದಿನ ಸಲಕ್ಕೆ ಬೋರ್ ಉಳಿಯಲಿ. ಪೋರ್ಟಿನ ಅಂಚುಗಳನ್ನು ನಯ ಮಾಡಿಕೊಡಲು ಹೇಳಿ, ಚೂಪಾಗಿ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಹಳೇ ಗಾಡಿಯ ಸಾಮಾನು ಅಂತ ಒರಿಜಿನಲ್ ಪೊಟ್ಟಣದಲ್ಲೇ ಡೂಪ್ಲಿಕೇಟ್ ಕೊಡುವವರಿದ್ದಾರೆ. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಪಕ್ಕದಲ್ಲಿಟ್ಟು ತೂಗಿ ನೋಡಿ, ಬಿಲ್ ಕೇಳಿ.

• ಹೊಸ ಬೋರಿನ ಗಾಡಿಯನ್ನು ಮೊದಲ ಐನೂರು ಕಿಲೋಮೀಟರ್ ಸಾವಧಾನವಾಗಿ ಓಡಿಸಿ. ಒಂದೇ ವೇಗದಲ್ಲಿ ಉದ್ದಕ್ಕೆ ಹೋಗಬೇಡಿ, ಹಿಂದೆ ಯಾರನ್ನೂ ಕೂರಿಸಿಕೊಂಡು ಘಾಟಿ ಹತ್ತಬೇಡಿ, ಭಾನುವಾರದ ರೇಸು ಈ ತಿಂಗಳು ಬೇಡ.

• ರಿಪೇರಿ ಆದ ಗಾಡಿಯ ಟ್ರಯಲ್ ನೋಡಲು ಗೇಟಿನ ತನಕ ಹೋಗುವುದಾದರೂ ಹೆಲ್ಮೆಟ್ ಹಾಕಿ, ಚಪ್ಪಲಿ ಬಿಟ್ಟು ಬೂಟು ಹಾಕಿ. ಬ್ರೇಕ್ ಹಿಡಿಯುತ್ತದೆಯೇ ಅಂತ ಅಂಗಳದಲ್ಲೇ ನೋಡಿಕೊಂಡು ಹೊರಡಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯವರಿಗೆ ಹೇಳಿ ಹೋಗಿ.